ಯಾರೂ ಇಲ್ಲದ ವಾರ್ಡು

ದೆಲ್ಸಿ ನರ್ಸಿಂಗ್ ಪದವಿ ಮುಗಿಸಿ ಊರಿಗೆ ಬಂದ ದಿನ ಅವಳ ತಾಯಿ ರೋಸ್ಮಿರಾ ಇಡೀ ಬೀದಿಗೆ ತೆಂಗಿನ ಹಾಲಿನ ಅನ್ನ, ಕರಿದ ಮೀನು ಬಡಿಸಿದ್ದಳು. ಆಮೇಲೆ ಮಳೆಗಾಲ ಬಂದು ಹೋಯಿತು, ನದಿ ತುಂಬಿ ಇಳಿಯಿತು, ಮಗಳಿಗೆ ಕೆಲಸ ಮಾತ್ರ ಸಿಗಲಿಲ್ಲ. ಪ್ರತಿ ಸೋಮವಾರ ರೋಸ್ಮಿರಾ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಳು. ದೆಲ್ಸಿ ಅದನ್ನು ಚೀಲದಲ್ಲಿಟ್ಟುಕೊಂಡು ಅಪ್ಪನ ಮೋಟಾರ್ ದೋಣಿ ಹತ್ತಿ, ಮಗ್ದಲೇನಾ ನದಿಯ ಮೇಲೋ ಕೆಳಗೋ ಯಾವುದಾದರೊಂದು ಊರಿನ ಆಸ್ಪತ್ರೆಗೆ ಹೋಗುವಳು. ಮಡಿಕೆ ಮುರಿಯದ ಯೂನಿಫಾರ್ಮಿನೊಂದಿಗೆ ಸಂಜೆ ಮರಳುವಳು.

“ಈ ಸಲ ಏನಂದ್ರು?” ಅಪ್ಪ ವಿಲ್ಫ್ರಿದೊ ಮೀನಿನ ಮುಳ್ಳು ಬಿಡಿಸುತ್ತ ಕೇಳಿದ.

“ಎಲ್ಲಾದ್ರೂ ಎರಡು ವರ್ಷ ಕೆಲಸ ಮಾಡಿ, ಅನುಭವ ತಗೊಂಡು ಬಾ ಅಂದ್ರು.”

“ಎಲ್ಲಿ ಮಾಡ್ಬೇಕಂತೆ?”

“ಅದನ್ನ ಹೇಳ್ಲಿಲ್ಲ.”

“ನನ್ನ ಮೊಣಕಾಲಿದೆಯಲ್ಲ, ಅದನ್ನ ನೋಡ್ಕೊ,” ಎಂದಳು ಅಜ್ಜಿ ಕಾಂದೆಲಾರಿಯಾ. “ಅದಕ್ಕಿರೋ ಅನುಭವ ಯಾವ ಡಾಕ್ಟ್ರಿಗೂ ಇಲ್ಲ.”

ಅಜ್ಜಿಯ ಮಾತಿಗೆ ದೆಲ್ಸಿ ನಕ್ಕಳು. ವಿಲ್ಫ್ರಿದೊ ನಗಲಿಲ್ಲ. “ಹುಡುಗಿಗೆ ಒಂದು ಅಂಗಡಿ ಇಟ್ಕೊಡೋಣ ಅಂತ ಆವತ್ತೇ ಬಡ್ಕೊಂಡೆ.”

“ಅಂಗಡಿ ಮಾತು ತೆಗೀಬೇಡಿ,” ರೋಸ್ಮಿರಾ ಬಟ್ಟಲನ್ನು ಕುಕ್ಕಿದಳು. “ಇಷ್ಟು ವರ್ಷ ಬೀದಿ ಬಾಗಿಲಲ್ಲಿ ಕೂತು ಮೆಕ್ಕೆಜೋಳದ ರೊಟ್ಟಿ ಕರಿದು ಮಾರಿದ್ದು ನಾನು, ಎಣ್ಣೆ ಸಿಡಿದದ್ದು ನನ್ನ ಕೈಮೇಲೆ. ಅವಳು ಸೋಪು, ಸಿಗರೇಟು ಮಾರ್ಲಿ ಅಂತಲ್ಲ.”

ಕೆಳಗಿನ ಊರಿನ ದೊಡ್ಡಾಸ್ಪತ್ರೆಗೆ ದೆಲ್ಸಿ ಮೂರು ಸಲ ಹೋಗಿದ್ದಳು. ಅಲ್ಲಿನ ಮುಖ್ಯ ನರ್ಸು ಗ್ರಾಸಿಯೆಲಾ ಮೂರನೇ ಸಲ ತಲೆಯನ್ನೂ ಎತ್ತದೆ ಹೇಳಿದ್ದಳು: “ನಿನ್ನ ಅಂಕಗಳು ಚೆನ್ನಾಗಿವೆ ಮಗಳೇ. ಅಂಕಕ್ಕೆ ಸೂಜಿ ಚುಚ್ಚೋಕಾಗಲ್ಲ. ಯಾರ ಮೈಯನ್ನ ನಿನ್ನ ಕೈಗೆ ಕೊಡ್ಲಿ ಹೇಳು.” ಈ ಮಾತನ್ನು ದೆಲ್ಸಿ ಮನೆಯಲ್ಲಿ ಹೇಳಿರಲಿಲ್ಲ.

ಅಷ್ಟರಲ್ಲಿ ಆಚೆ ದಡದಲ್ಲಿ ಒಂದು ಕ್ಲಿನಿಕ್ ತೆರೆಯಿತು. ಮುಚ್ಚಿಹೋದ ಅಕ್ಕಿ ಗಿರಣಿಯ ಗೋಡೆಗಳಿಗೆ ತಿಳಿ ಹಸಿರು ಬಣ್ಣ ಬಳಿದು, ಕಿಟಕಿಗಳಿಗೆ ಸರಳು ಹಾಕಿದ್ದರು. ನರ್ಸು ಬೇಕೆಂದು ದೋಣಿಗಟ್ಟೆಯ ಕಂಬಕ್ಕೆ ಚೀಟಿ ಅಂಟಿಸಿದ್ದು ಕಂಡು ರೋಸ್ಮಿರಾ ಮಗಳನ್ನು ಅದೇ ಮಧ್ಯಾಹ್ನ ಕಳಿಸಿದಳು.

ಆಡಳಿತ ನೋಡಿಕೊಳ್ಳುವ ಇವೋನ್ ಮೇಡಂ ತುಂಬ ಮೃದುವಾದ ದನಿಯ ಹೆಂಗಸು. ದೆಲ್ಸಿ ಪ್ರಮಾಣಪತ್ರ ಚಾಚಿದರೆ ಆಕೆ ಅದನ್ನು ಮುಟ್ಟಲಿಲ್ಲ.

“ಮೊದಲು ಎಲ್ಲಾದ್ರೂ ಕೆಲಸ ಮಾಡಿದ್ದೀಯಾ?”

“ಇಲ್ಲ ಮೇಡಂ.”

“ಎಲ್ಲೂ?”

“ಎಲ್ಲೂ ಇಲ್ಲ.”

“ಒಳ್ಳೇದೇ ಆಯ್ತು,” ಎಂದಳು ಇವೋನ್. “ಬೇರೆ ಕಡೆಯ ಅಭ್ಯಾಸ ಬಿಡಿಸೋದು ಕಷ್ಟ. ನಾಳೆಯಿಂದ ಬಾ.”

ಮನೆಯಲ್ಲಿ ಆ ರಾತ್ರಿ ಕೋಳಿ ಬೆಂದಿತು. ವಿಲ್ಫ್ರಿದೊ ಮಗಳ ತಟ್ಟೆಗೆ ತೊಡೆಯ ತುಂಡನ್ನು ತಾನೇ ಹಾಕಿದ.

ಮರುದಿನ ದೆಲ್ಸಿ ವಾರ್ಡಿನ ಬಾಗಿಲು ತೆರೆದಳು. ಎರಡು ಸಾಲು ಹಾಸಿಗೆಗಳು, ಶುಭ್ರ ಹೊದಿಕೆ, ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಂದು ಪುಟ್ಟ ಮೇಜು. ಯಾವ ಹಾಸಿಗೆಯ ಮೇಲೂ ಯಾರೂ ಇರಲಿಲ್ಲ.

“ಬರ್ತಾರೆ,” ಎಂದಳು ಇವೋನ್ ಮೇಡಂ. “ಅಲ್ಲೀವರೆಗೆ ನೀನು ಕೆಲಸ ಮರೀಬಾರದು ನೋಡು. ದಿನಾ ಹೊದಿಕೆ ಬದಲಾಯಿಸು, ಮೇಜಿನ ಮೇಲೆ ನೀರಿಡು. ದಿಂಬು ಒಂದಿಷ್ಟು ತಗ್ಗಿರ್ಲಿ, ಯಾರೋ ಈಗ ತಾನೇ ಎದ್ದು ಹೋದ ಹಾಗೆ. ನಾನು ಫೋಟೋ ತೆಗೀತೀನಿ.”

ದೆಲ್ಸಿ ದಿಂಬುಗಳನ್ನು ಮುಷ್ಟಿಯಿಂದ ಗುದ್ದಿ ತಗ್ಗು ಮಾಡಿದಳು. ಮಧ್ಯಾಹ್ನ ಇವೋನ್ ತನ್ನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಕರೆದಳು. “ಒಂದನೇ ಹಾಸಿಗೆ. ಜ್ವರ ಎಷ್ಟು?”

“ಅಲ್ಲಿ ಯಾರೂ ಇಲ್ವಲ್ಲ ಮೇಡಂ.”

“ಅದು ನಂಗೂ ಗೊತ್ತಮ್ಮ. ಜ್ವರ ಎಷ್ಟು?”

ಹೊರಗೆ ನದಿಯ ಮೇಲೆ ಅಪ್ಪನ ದೋಣಿಯ ಮೋಟಾರು ಕೇಳಿಸುತ್ತಿತ್ತು. “ಮೂವತ್ತೇಳು,” ಎಂದಳು ದೆಲ್ಸಿ.

“ಎರಡು?”

“ಮೂವತ್ತಾರೂವರೆ.”

ಹೀಗೆ ವಾರಗಳು ಕಳೆದವು. ತಿಂಗಳ ಕೊನೆಗೆ ಸಂಬಳ ತಪ್ಪದೆ ಬಂತು. ಎರಡು ವರ್ಷ ಕಳೆದರೆ ಅನುಭವದ ಪತ್ರ ಕೊಡುವುದಾಗಿ ಇವೋನ್ ಹೇಳಿದಳು. ಇಡೀ ದಿನ ದೆಲ್ಸಿಯ ಚಪ್ಪಲಿ ಸದ್ದು ಬಿಟ್ಟರೆ ವಾರ್ಡಿನಲ್ಲಿ ಬೇರೆ ಸದ್ದಿಲ್ಲ. ಒಂದು ದಿನ ಬೇಸರಕ್ಕೆ ಅವಳು ನಾಲ್ಕನೇ ಹಾಸಿಗೆಗೆ ಮೂವತ್ತೊಂಬತ್ತು ಡಿಗ್ರಿ ಜ್ವರ ಎಂದುಬಿಟ್ಟಳು. ಇವೋನ್ ಅದನ್ನೂ ಕಂಪ್ಯೂಟರಿಗೆ ಒತ್ತಿದಳು. ಮರುದಿನ ಬೆಳಗ್ಗೆ ದೋಣಿಯಲ್ಲಿ ದೆಲ್ಸಿಗೆ ಸುಮ್ಮನೆ ಕೂರಲಾಗಲಿಲ್ಲ. ನಾಲ್ಕನೇ ಹಾಸಿಗೆಯ ಜ್ವರ ಇಳಿದಿದೆಯೋ ಇಲ್ಲವೋ ಎಂದು ತಾನು ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ದಡ ತಲುಪಿದ ಮೇಲೆ. ವಾರ್ಡಿಗೆ ಹೋದವಳೇ ಮೊದಲು ಆ ಹೊದಿಕೆಯ ಮೇಲೆ ಕೈಯಿಟ್ಟು ನೋಡಿದಳು. ಅದು ತಣ್ಣಗಿತ್ತು.

ಮನೆಯಲ್ಲಿ ದಿನವೂ ಪ್ರಶ್ನೆಗಳು.

“ಯಾರ್ಯಾರಿದಾರೆ ಅಲ್ಲಿ?” ಅಜ್ಜಿ ಮರಗೆಣಸು ಸುಲಿಯುತ್ತ ಕೇಳುವಳು. “ಎರಡೂ ದಡದಲ್ಲಿ ನಂಗೆ ಗೊತ್ತಿಲ್ದೋರಿಲ್ಲ. ಯಾರೂ ಅಲ್ಲಿಗೆ ಹೋದ ಸುದ್ದಿ ಇಲ್ಲ.”

“ದೂರದ ಊರಿನೋರು ಅಜ್ಜಿ.”

“ಏನು ಕಾಯಿಲೆ?”

ದೆಲ್ಸಿ ತಟ್ಟೆ ನೋಡುತ್ತ ಹೇಳಿದಳು: “ನಾಲ್ಕನೇ ಹಾಸಿಗೇಲಿ ಒಬ್ರು ಅಜ್ಜಿ ಇದಾರೆ. ಜ್ವರ. ಏನೂ ತಿನ್ನಲ್ಲ. ಬೇಯಿಸಿದ ಮರಗೆಣಸಿಗೆ ಬೆಲ್ಲ ಕಲಸಿಕೊಟ್ರೆ ಮಾತ್ರ ತಿಂತಾರೆ.”

“ಮರಗೆಣಸಿಗೆ ಬೆಲ್ಲ?” ಅಜ್ಜಿ ಚಾಕು ನಿಲ್ಲಿಸಿದಳು. “ಹಾಗೆ ತಿನ್ನೋರು ಯಾರೋ ಇದ್ರು ಕಣೇ. ಹೆಸರು ಬಾಯಿಗೆ ಬರ್ತಿಲ್ಲ.”

ಅಂದಿನಿಂದ ನಾಲ್ಕನೇ ಹಾಸಿಗೆಯ ಅಜ್ಜಿ ಈ ಮನೆಯ ಊಟದ ಮಾತಾದಳು. ಇವತ್ತು ಎದ್ದು ಕೂತ್ರಾ ಎಂದು ರೋಸ್ಮಿರಾ ಕೇಳುವಳು. ಅವರಿಗೆ ಮಕ್ಕಳಿಲ್ವಾ ಎಂದು ವಿಲ್ಫ್ರಿದೊ ಕೇಳುವನು. ಒಂದು ಸುಳ್ಳಿಗೆ ಒಂದು ಸುಳ್ಳು ಪೋಣಿಸುತ್ತ ದೆಲ್ಸಿ ಆಕೆಗೆ ಬಿಳಿ ಜಡೆ ಕೊಟ್ಟಳು, ಬಲಗಿವಿ ಮಂದ ಎಂದಳು. ಒಂದು ಬೆಳಗ್ಗೆ ರೋಸ್ಮಿರಾ ಬಟ್ಟಲಿನಲ್ಲಿ ಬಿಸಿ ಮರಗೆಣಸು ಬೆಲ್ಲ ಕಲಸಿ, ಬಟ್ಟೆ ಕಟ್ಟಿ ಮಗಳ ಕೈಗಿತ್ತಳು. “ಪಾಪ, ತನ್ನೋರು ಯಾರೂ ಇಲ್ದೆ ಬಿದ್ದಿದೆ ಜೀವ. ನೀನೇ ತಿನ್ಸು.”

ಎಸೆಯಲು ಮನಸ್ಸು ಬರಲಿಲ್ಲ. ದೆಲ್ಸಿ ಬಟ್ಟಲನ್ನು ನಾಲ್ಕನೇ ಹಾಸಿಗೆಯ ಮೇಜಿನ ಮೇಲಿಟ್ಟು, ಜ್ವರಗಳನ್ನು ಒಪ್ಪಿಸಲು ಇವೋನ್ ಕೋಣೆಗೆ ಹೋದಳು. ಮರಳಿ ಬಂದಾಗ ಬಟ್ಟಲು ಖಾಲಿಯಿತ್ತು. ಚಮಚ ಅದರ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಅವಳು ಗೇಟಿನ ಕಾವಲುಗಾರನನ್ನು ಕೇಳಿದಳು. ಅವನು ಸಕ್ಕರೆ ಕಾಯಿಲೆಯವನು. “ಆ ವಾರ್ಡೊಳಗೆ ನಾನು ಕಾಲಿಡಲ್ಲ ತಾಯಿ,” ಎಂದ. ಯಾಕೆ ಎಂದು ಅವಳು ಕೇಳಲಿಲ್ಲ. ಸಂಜೆ ಖಾಲಿ ಬಟ್ಟಲು ಕಂಡು ರೋಸ್ಮಿರಾ ಖುಷಿಯಾದಳು. ಮಾರನೆಯ ದಿನವೂ ಕಳಿಸಿದಳು. ಮಾರನೆಯ ದಿನವೂ ಬಟ್ಟಲು ಖಾಲಿಯಾಯಿತು.

ಸ್ವಲ್ಪ ದಿನಕ್ಕೆ ಇವೋನ್ ಹೊಸ ಮಾತು ತೆಗೆದಳು. ರಾಜಧಾನಿಯಿಂದ ತಪಾಸಣೆಗೆ ಜನ ಬರುತ್ತಾರೆ, ಹಾಸಿಗೆಗಳು ತುಂಬಿರಬೇಕು. ಕೂಲಿಯವರನ್ನು ಹೊಂದಿಸಿದ್ದಾಯಿತು, ಒಬ್ಬರು ಕಡಿಮೆ ಬಿದ್ದಿದ್ದಾರೆ. “ನಿಮ್ಮನೇಲಿ ವಯಸ್ಸಾದೋರು ಇದಾರಲ್ವಾ? ಗುರುತಿನ ಚೀಟಿ ಜೊತೇಲಿ ಕರ್ಕೊಂಡು ಬಾ. ಮಧ್ಯಾಹ್ನ ಊಟ ಇರುತ್ತೆ.”

ದೆಲ್ಸಿ ಇದನ್ನು ಮನೆಯಲ್ಲಿ ಅರ್ಧವೇ ಹೇಳಿದಳು. ದೂರದಿಂದ ದೊಡ್ಡವರು ಬರುತ್ತಾರೆ, ವಾರ್ಡು ತುಂಬಿ ಕಾಣಲಿ ಅಂತ ಅಜ್ಜಿಯನ್ನು ಕರೆಯುತ್ತಿದ್ದಾರೆ, ತಾನು ಒಲ್ಲೆ ಅಂದುಬಿಡುತ್ತೇನೆ ಎಂದಳು.

“ಒಲ್ಲೆ ಅಂದ್ರೆ ಕೆಲಸ ಉಳಿಯುತ್ತಾ?” ರೋಸ್ಮಿರಾ ಕೇಳಿದಳು.

“ಅಮ್ಮ, ಕಾಯಿಲೆ ಇಲ್ದೋರನ್ನ ಮಲಗ್ಸೋದು ತಪ್ಪು.”

“ಒಂದಿನ ಹಾಸಿಗೇಲಿ ಮಲಗಿದ್ರೆ ಯಾರ ಗಂಟು ಹೋಗುತ್ತೆ? ಇಡೀ ವರ್ಷ ಬಾಗಿಲು ಬಾಗಿಲು ತಟ್ಟಿದ್ದು ಮರೆತುಹೋಯ್ತಾ ನಿಂಗೆ?”

“ನನ್ನ ತಾಯೀನ ಏನು ಬಾಡಿಗೆಗೆ ಬಿಡ್ತೀಯೇನೇ?” ವಿಲ್ಫ್ರಿದೊ ಗದರಿದ.

“ನೀವು ಸುಮ್ನಿರಿ. ಅತ್ತೆ, ನೀವೇ ಹೇಳಿ.”

ಕಾಂದೆಲಾರಿಯಾಗೆ ಒಳಗೊಳಗೇ ಹಿಗ್ಗು. “ಕಾಲು ಚಾಚ್ಕೊಂಡು ಮಲಗೋದು, ಇನ್ನೊಬ್ರು ತಂದು ಊಟ ಕೊಡೋದು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅಂಥ ದಿನ ನೋಡೇ ಇಲ್ಲ ನಾನು. ಹೋಗ್ತೀನಿ ಬಿಡ್ರೋ. ನಾಲ್ಕನೇ ಹಾಸಿಗೆಯೋಳನ್ನ ಮಾತಾಡ್ಸಿದ ಹಾಗೂ ಆಯ್ತು.”

ತಪಾಸಣೆಯ ದಿನ ವಾರ್ಡು ತುಂಬಿತ್ತು. ಗುರುತಿಲ್ಲದ ಮುದುಕ ಮುದುಕಿಯರು ಕುತ್ತಿಗೆವರೆಗೆ ಹೊದ್ದು, ಛಾವಣಿ ನೋಡುತ್ತ ಮಲಗಿದ್ದರು. ಖಾಲಿ ಉಳಿದದ್ದು ನಾಲ್ಕನೇ ಹಾಸಿಗೆ ಒಂದೇ. ಆ ಹಾಸಿಗೆಯವರು ಜ್ವರ ಇಳಿದು ಮನೆಗೆ ಹೋದರು ಎಂದು ದೆಲ್ಸಿ ಅಜ್ಜಿಗೆ ಪಿಸುಗುಟ್ಟಿದಳು. ಇವೋನ್ ಅಜ್ಜಿಯ ಗುರುತಿನ ಚೀಟಿಯ ಸಂಖ್ಯೆ ಬರೆದುಕೊಂಡು, ಚೀಟಿ ಮರಳಿಸಿ, ಅವಳನ್ನು ಅಲ್ಲಿ ಮಲಗಿಸಿ, ಹೊದಿಕೆ ಎಳೆದಳು. “ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರು ನಿಕೊಲಾಸಾ ಪಾವಾ ಅನ್ನಿ ಅಜ್ಜಿ. ಅಷ್ಟೇ.”

ಅಜ್ಜಿಯ ಮುಖದ ನಗು ಹಾರಿಹೋಯಿತು. “ನಿಕೊಲಾಸಾ? ನದಿ ಮೆಟ್ಟಿಲ ಹತ್ರ ಇದ್ದೋಳು? ಅವಳು ಸತ್ತು ಎಷ್ಟೋ ವರ್ಷ ಆಯ್ತಲ್ಲಮ್ಮ. ಒಂಬತ್ತು ದಿನದ ಪ್ರಾರ್ಥನೇಲೂ ಕೂತಿದ್ದೆ ನಾನು.” ಅವಳು ಮೊಮ್ಮಗಳ ಕಡೆ ತಿರುಗಿದಳು. “ಅವಳೇ ಕಣೇ, ಮರಗೆಣಸಿಗೆ ಬೆಲ್ಲ ಕಲಸ್ಕೊಂಡು ತಿನ್ನೋಳು.”

“ಇದು ಬೇರೆ ನಿಕೊಲಾಸಾ,” ಎಂದಳು ಇವೋನ್ ಮೃದುವಾಗಿ.

ನಿಕೊಲಾಸಾಳ ವಿಷಯ ದೆಲ್ಸಿ ಎಂದೂ ಕೇಳಿರಲಿಲ್ಲ. ಆದರೆ ಅಜ್ಜಿಯನ್ನು ಎಬ್ಬಿಸುವ ಮೊದಲೇ ತಪಾಸಣೆಯವರು ಒಳಗೆ ಬಂದರು. ಕನ್ನಡಕದ ಗಂಡಸೊಬ್ಬ ನಾಲ್ಕನೇ ಹಾಸಿಗೆಯ ಮುಂದೆ ನಿಂತು, “ಹೇಗಿದ್ದೀರಿ ನಿಕೊಲಾಸಾ ಅಜ್ಜಿ?” ಎಂದ.

ಅಜ್ಜಿ ಬಲಗಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. ಅವಳ ಕಿವಿ ಚುರುಕು, ಪಿಸುಮಾತೂ ಕೇಳುತ್ತದೆ. ಆತ ಇನ್ನೊಮ್ಮೆ ಜೋರಾಗಿ ಕೇಳಬೇಕಾಯಿತು. “ನಿನ್ನೆಗಿಂತ ವಾಸಿ ಸ್ವಾಮಿ,” ಎಂದಳು ಅಜ್ಜಿ. “ಈ ಹುಡುಗಿ ಚೆನ್ನಾಗಿ ನೋಡ್ಕೊಳ್ತಾಳೆ. ಮರಗೆಣಸು ತಂದ್ಕೊಡ್ತಾಳೆ.”

ಆತ ನಕ್ಕು ಮುಂದೆ ಹೋದ. ಸಂಜೆ ದೋಣಿಯಲ್ಲಿ ದೆಲ್ಸಿ ಅಜ್ಜಿಯ ಪಕ್ಕ ಕುಳಿತಳು. “ಚೆನ್ನಾಗಿ ನಟಿಸ್ದೆ ಅಜ್ಜಿ.”

“ಏನನ್ನ?” ಎಂದಳು ಅಜ್ಜಿ.

ಅದಾದ ಕೆಲವೇ ದಿನಕ್ಕೆ ಮನೆಯಲ್ಲಿ ಸಣ್ಣಪುಟ್ಟ ವಿಚಿತ್ರಗಳು ಶುರುವಾದವು. ಕಾಂದೆಲಾರಿಯಾ ತನ್ನ ಕುರ್ಚಿ ಬಿಟ್ಟು ಬಾಗಿಲ ಕಡೆ ಬೆನ್ನು ಹಾಕಿ ಕೂರತೊಡಗಿದಳು. ಮೀನು ಮುಟ್ಟಲಿಲ್ಲ. ಬೆಲ್ಲ ಕೇಳಿದಳು. ರೋಸ್ಮಿರಾ “ಅತ್ತೆ” ಎಂದರೆ ತಿರುಗಲಿಲ್ಲ. ಒಂದು ಬೆಳಗ್ಗೆ ಎಲ್ಲರೂ ಕಪ್ಪು ಕಾಫಿ ಕುಡಿಯುವಾಗ ಅವಳು ಶಾಲು ಹೊದ್ದು ಎದ್ದುನಿಂತಳು.

“ತುಂಬ ಉಪಕಾರ ಆಯ್ತಮ್ಮ,” ಎಂದಳು ರೋಸ್ಮಿರಾಳಿಗೆ. “ಇಷ್ಟು ದಿನ ಇಟ್ಕೊಂಡ್ರಿ. ಇನ್ನು ಮನೆಗೆ ಹೋಗ್ತೀನಿ. ಮೆಟ್ಟಿಲ ಹತ್ರ ಅವರು ಕಾಯ್ತಿರ್ತಾರೆ.”

“ಯಾರು ಕಾಯ್ತಾರೆ ಅತ್ತೆ? ಇದೇ ನಿಮ್ಮನೆ.”

“ಇದು ಕಾಂದೆಲಾರಿಯಾ ಮನೆ. ಅವಳೆಲ್ಲಿ, ಕಾಣ್ತಾನೇ ಇಲ್ವಲ್ಲ ಈ ನಡುವೆ?”

ವಿಲ್ಫ್ರಿದೊ ಲೋಟ ಕೆಳಗಿಟ್ಟು ಎದ್ದ. “ಅಮ್ಮ,” ಎಂದ. ಅವಳು ಅವನನ್ನು ಅಪರಿಚಿತನಂತೆ, ಮರ್ಯಾದೆಯಿಂದ ನೋಡಿದಳು.

ದೆಲ್ಸಿ ಅಜ್ಜಿಯ ಹಣೆ ಮುಟ್ಟಿದಳು. ಮೈ ಕೆಂಡದಂತಿತ್ತು, ಥರ್ಮಾಮೀಟರು ಇಟ್ಟು ನೋಡಿದಳು. ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು, ಓಡುತ್ತಿತ್ತು. ಹಾಸಿಗೆಯ ಬಟ್ಟೆ ಮೂಸಿ ನೋಡಿದಳು. ವಯಸ್ಸಾದವರಿಗೆ ಮೂತ್ರದ ಸೋಂಕು ಮೈಗೇರಿದರೆ ಮಾತು ಹೀಗೆ ದಾರಿ ತಪ್ಪುತ್ತದೆ ಎಂದು ಓದಿದ್ದಳು. ಓದಿದ್ದು ಸಾಕೇ ಎಂಬ ಅಳುಕೂ ಇತ್ತು.

“ಬಾ, ನಿನ್ನ ಕ್ಲಿನಿಕ್ಕಿಗೇ ಕರ್ಕೊಂಡು ಹೋಗೋಣ,” ರೋಸ್ಮಿರಾ ಅವಸರಿಸಿದಳು. “ಹತ್ರದಲ್ಲೇ ಇದೆ. ನಾಲ್ಕನೇ ಹಾಸಿಗೆಯೋರಿಗೆ ಜ್ವರ ಇಳಿಸಿದ್ದು ನೀನೇ ಅಲ್ವಾ?”

“ಅಲ್ಲಿ ಏನೂ ಇಲ್ಲ ಅಮ್ಮ.”

“ಏನೂ ಇಲ್ಲ ಅಂದ್ರೆ?”

“ಔಷಧಿ ಇಲ್ಲ. ಡಾಕ್ಟ್ರಿಲ್ಲ. ರೋಗಿಗಳೂ ಇಲ್ಲ. ಮೊದಲ ದಿನದಿಂದ ಯಾರೂ ಇಲ್ಲ. ಖಾಲಿ ಹಾಸಿಗೆಗೆ ಹೊದಿಕೆ ಬದಲಾಯಿಸ್ತೀನಿ, ಬಾಯಿಗೆ ಬಂದ ಜ್ವರ ಹೇಳ್ತೀನಿ. ಅವರು ಸತ್ತೋರ ಹೆಸರಲ್ಲಿ ಸರ್ಕಾರದಿಂದ ದುಡ್ಡು ಎತ್ತುತಾರೆ ಅಂತ ಕಾಣುತ್ತೆ.”

ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ರೋಸ್ಮಿರಾ ಅದನ್ನು ಇಳಿಸಿಟ್ಟು ತಗ್ಗಿದ ದನಿಯಲ್ಲಿ ಕೇಳಿದಳು: “ಹಾಗಾದ್ರೆ ನಾನು ಕಳಿಸಿದ್ದನ್ನ ದಿನಾ ತಿಂದದ್ದು ಯಾರೇ?”

“ಗೊತ್ತಿಲ್ಲ ಅಮ್ಮ.”

ವಿಲ್ಫ್ರಿದೊ ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. “ಮಾತು ಆಮೇಲೆ. ದೋಣಿ ಬಿಚ್ಚಿ.”

ಕೆಳಗಿನ ಊರಿನ ದೊಡ್ಡಾಸ್ಪತ್ರೆ ತಲುಪುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ದಾರಿಯುದ್ದಕ್ಕೂ ಅಜ್ಜಿ ದೆಲ್ಸಿಯ ಮಡಿಲಲ್ಲಿ ತಲೆಯಿಟ್ಟು, ನದಿಯ ದಡದಲ್ಲಿ ಈಗ ಇಲ್ಲದ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದಳು. ಕೌಂಟರಿನ ಗುಮಾಸ್ತ ಗುರುತಿನ ಚೀಟಿಯ ಸಂಖ್ಯೆ ಒತ್ತಿ, ಪರದೆ ನೋಡಿ, ಮತ್ತೊಮ್ಮೆ ಒತ್ತಿದ.

“ಇವರು ಈಗಾಗಲೇ ಬೇರೆ ಕಡೆ ದಾಖಲಾಗಿದಾರೆ. ನಿಮ್ಮೂರ ಎದುರಿನ ಕ್ಲಿನಿಕ್ಕಲ್ಲಿ. ಒಂದು ಕಡೆ ಒಳರೋಗಿ ಆಗಿರೋರನ್ನ ಇಲ್ಲಿ ಸೇರಿಸ್ಕೊಳ್ಳೋಕೆ ಬರಲ್ಲ.”

“ಇಲ್ಲೇ ಇದಾರಲ್ಲಪ್ಪ, ಕಣ್ಣಿಗೆ ಕಾಣ್ತಿಲ್ವಾ?” ವಿಲ್ಫ್ರಿದೊ ಗುಡುಗಿದ.

“ನಂಗೆ ಕಾಣ್ತಾರೆ ಯಜಮಾನ್ರೇ. ಇದಕ್ಕೆ ಕಾಣಲ್ಲ,” ಎಂದು ಅವನು ಪರದೆ ತೋರಿಸಿದ. “ಅಲ್ಲಿಂದ ಬಿಡುಗಡೆ ಮಾಡಿಸ್ಕೊಂಡು ಬನ್ನಿ.”

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಗದ್ದಲ ಕೇಳಿ ಮುಖ್ಯ ನರ್ಸು ಗ್ರಾಸಿಯೆಲಾ ಹೊರಬಂದಳು. ದೆಲ್ಸಿ ಅವಳ ಎದುರು ಹೋಗಿ ನಿಂತಳು. ಹೇಳಿಬಿಟ್ಟರೆ ಕೆಲಸ ಹೋಗುತ್ತದೆ, ನರ್ಸಿನ ಪರವಾನಗಿಯೂ ಹೋಗಬಹುದು, ಪೊಲೀಸರೂ ಬರಬಹುದು. ಇದೆಲ್ಲ ಅವಳಿಗೆ ಗೊತ್ತಿತ್ತು.

“ಆ ಕ್ಲಿನಿಕ್ಕಿನ ನರ್ಸು ನಾನೇ,” ಎಂದಳು. “ಅಲ್ಲಿ ಯಾವ ರೋಗಿಯೂ ಇಲ್ಲ. ಎಲ್ಲ ಸುಳ್ಳು. ಆ ಸುಳ್ಳಿನಲ್ಲಿ ನಂದೂ ಪಾಲಿದೆ. ಯಾರು ಕೇಳಿದ್ರೂ ಬರೆದುಕೊಡ್ತೀನಿ. ಈಗ ಇವರನ್ನ ಒಳಗೆ ತಗೊಳ್ಳಿ.”

ಗ್ರಾಸಿಯೆಲಾ ಅವಳನ್ನು ಗುರುತು ಹಿಡಿದಳೋ ಇಲ್ಲವೋ ತಿಳಿಯಲಿಲ್ಲ. “ಏನಾಗಿದೆ ಇವರಿಗೆ?”

“ಮೂತ್ರದ ಸೋಂಕು ರಕ್ತಕ್ಕೆ ಏರಿರಬೇಕು. ಜ್ವರ ನಲವತ್ತರ ಹತ್ತಿರ. ನಾಡಿ ನೂರಿಪ್ಪತ್ತು. ನಿನ್ನೆಯಿಂದ ಮೂತ್ರ ಕಮ್ಮಿ. ಹೆಸರು ಕೇಳಿದ್ರೆ ಬೇರೆ ಹೆಸರು ಹೇಳ್ತಾರೆ.”

“ಜ್ವರ ನೋಡಿದ್ದು ಯಾರು?”

“ನಾನು. ಇದು ನಿಜವಾಗಿ ನೋಡಿದ್ದು.”

ಗ್ರಾಸಿಯೆಲಾ ಗುಮಾಸ್ತನ ಕಡೆ ತಿರುಗಿದಳು. “ಸ್ಟ್ರೆಚರ್ ತರ್ಸು. ನಿನ್ನ ಯಂತ್ರಕ್ಕೆ ಆಮೇಲೆ ಸಮಾಧಾನ ಹೇಳೋಣ.”

ಅಜ್ಜಿ ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ರೋಸ್ಮಿರಾ ರೊಟ್ಟಿ ಒಲೆ ಹಚ್ಚದೆ ಅತ್ತೆಯ ಕಾಲ ಬಳಿ ನೆಲದ ಮೇಲೆ ಮಲಗಿದಳು. ಒಂದು ಬೆಳಗ್ಗೆ ಅಜ್ಜಿ ಕಣ್ಣು ಬಿಟ್ಟು, ತನ್ನ ಹಳೆಯ ದನಿಯಲ್ಲಿ, “ಏನೇ ರೋಸ್ಮಿರಾ, ಈ ಗಂಜೀಗೆ ಉಪ್ಪು ಹಾಕೋರಿಲ್ವಾ ಇಲ್ಲಿ?” ಎಂದಳು. ರೋಸ್ಮಿರಾ ಬಾಯಿಗೆ ಕೈ ಅಡ್ಡ ಹಿಡಿದು ವರಾಂಡಕ್ಕೆ ಹೋಗಿ ಅತ್ತಳು.

ದೆಲ್ಸಿ ಅಧಿಕಾರಿಗಳ ಮುಂದೆ ಎಲ್ಲವನ್ನೂ ಹೇಳಿದಳು. ಆಚೆ ದಡಕ್ಕೆ ಪೊಲೀಸರು ಹೋದಾಗ ಗಿರಣಿಯ ಬಾಗಿಲು ತೆರೆದೇ ಇತ್ತು, ಇವೋನ್ ಇರಲಿಲ್ಲ. ಬಹಳ ವಿಚಾರಣೆಯ ನಂತರ ದೆಲ್ಸಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಗ್ರಾಸಿಯೆಲಾ ಅವಳನ್ನು ಕರೆಸಿದಳು.

“ಒಬ್ಬ ನರ್ಸು ಹೆರಿಗೆ ರಜೆಗೆ ಹೋಗ್ತಾಳೆ. ಅವಳ ಜಾಗಕ್ಕೆ ಬಾ. ಅನುಭವದ ಜಾಗದಲ್ಲಿ ಏನೂ ಇಲ್ಲ ಅಂತ ಬರಿ. ಅದು ನಿಜವೂ ಹೌದು. ಮೊದಲ ತಿಂಗಳು ನಿನ್ನ ಸೂಜಿಯ ಹಿಂದೆ ನಾನೇ ನಿಂತಿರ್ತೀನಿ.”

ಆದರೆ ಕ್ಲಿನಿಕ್ಕಿನ ದಾಖಲೆಯಲ್ಲಿ ಸಿಕ್ಕ ಹೆಸರುಗಳ ಸುದ್ದಿ ನದಿಯುದ್ದಕ್ಕೂ ಹರಡಿಯಾಗಿತ್ತು. ತಮ್ಮ ಮನೆಯ ಸತ್ತವರು ಇಷ್ಟು ಕಾಲ ಆ ವಾರ್ಡಿನಲ್ಲಿ ಕಾಯಿಲೆ ಬಿದ್ದಿದ್ದರಂತೆ ಎಂದು ಕೇಳಿ ಜನ ದೆಲ್ಸಿಯ ಬಾಗಿಲಿಗೆ ಬರತೊಡಗಿದರು. ಬೈಯಲು ಬರುತ್ತಾರೆ ಎಂದು ರೋಸ್ಮಿರಾ ಮೊದಮೊದಲು ಹೆದರಿದ್ದಳು. ಅವರು ಬೈಯಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು, ನಮ್ಮಪ್ಪ ಹೇಗಿದ್ದರು, ನಮ್ಮಕ್ಕ ಊಟ ಮಾಡುತ್ತಿದ್ದಳಾ ಎಂದು ಕೇಳುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ ಎಂದು ದೆಲ್ಸಿ ಎಲ್ಲರಿಗೂ ಹೇಳಿದಳು. ತಲೆಯಾಡಿಸಿ, ನಂಬದೆ ಹೋಗುತ್ತಿದ್ದರು.

ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ ಎಲಿಯೊದೊರೊ ಎಂಬ ಮುದುಕ ಕೋಲೂರಿಕೊಂಡು ಬಂದ. ನಿಕೊಲಾಸಾಳ ಗಂಡ. ಅಜ್ಜಿ ಆಸ್ಪತ್ರೆಯಿಂದ ಬಂದು ಒಂದು ವಾರವಾಗಿತ್ತು, ಒಳಗೆ ಕಾಫಿ ಕಾಸುತ್ತಿದ್ದಳು.

“ಅವಳಿಗೆ ನೋವು ಇತ್ತೇನಮ್ಮ?” ಮುದುಕ ಕೇಳಿದ.

“ಅಲ್ಲಿ ಯಾರೂ ಇರ್ಲಿಲ್ಲ ತಾತ.”

“ಗೊತ್ತು. ನಾನೇ ಮಣ್ಣು ಹಾಕಿದ್ದು ಅವಳಿಗೆ. ಆದ್ರೂ ಒಂದು ಮಾತು ಕೇಳೋಣ ಅನ್ನಿಸ್ತು.”

ಅವನು ಏಳಲಿಲ್ಲ. ಒಂದು ಕಾಲಿಗೆ ಹಳೆಯ ಬಟ್ಟೆ ಸುತ್ತಿತ್ತು, ಅದರಿಂದ ವಾಸನೆ ಬರುತ್ತಿತ್ತು. ದೆಲ್ಸಿ ಕೇಳದೆಯೇ ಬಿಸಿನೀರು, ಶುಭ್ರ ಬಟ್ಟೆ ತಂದು ನೆಲದ ಮೇಲೆ ಕುಳಿತು ಬಟ್ಟೆ ಬಿಚ್ಚಿದಳು. ಕಣಕಾಲಿನ ಮೇಲೆ ಅಂಗೈಯಗಲದ ಹುಣ್ಣು. ಅವಳು ನಿಧಾನವಾಗಿ ತೊಳೆದಳು. ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ನೋಡಲು ಪಾದದ ಮೇಲೆ, ಹೆಬ್ಬೆರಳಿನ ಹಿಂದೆ ಎರಡು ಬೆರಳಿಟ್ಟು ನಾಡಿ ಹುಡುಕಿದಳು. ಸಣ್ಣಗೆ ಬಡಿಯುತ್ತಿತ್ತು. “ನಾಳೆ ನನ್ನ ಜೊತೆ ದೋಣೀಲಿ ಬನ್ನಿ ತಾತ, ಡಾಕ್ಟ್ರಿಗೆ ತೋರಿಸೋಣ,” ಎಂದಳು.

ಅಷ್ಟರಲ್ಲಿ ಕಾಂದೆಲಾರಿಯಾ ಕಾಫಿ ಹಿಡಿದು ಬಂದಳು. ಮುದುಕನ ಕೈಗೆ ಲೋಟ ಕೊಡುತ್ತ, ದಿನವೂ ಕೊಡುವವಳಂತೆ ಹೇಳಿದಳು: “ಊದ್ಕೊಂಡು ಕುಡಿ ಲೋಲೊ, ನಾಲಿಗೆ ಸುಟ್ಕೊಳ್ತೀಯ.”

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಒಳಗಿನಿಂದ ಅವಳು ಸೊಸೆಯನ್ನು ಉಪ್ಪಿಗಾಗಿ ಗದರುವುದು ಕೇಳಿಸಿತು.

ಎಲಿಯೊದೊರೊ ಬಾಗಿಲನ್ನೇ ನೋಡುತ್ತಿದ್ದ. “ಲೋಲೊ ಅನ್ನೋ ಹೆಸರು ನಮ್ಮ ಮನೆಯ ಹೊಸಿಲು ದಾಟಿದ್ದಲ್ಲ ಮಗಳೇ,” ಎಂದ. “ನಿಕೊಲಾಸಾ ಒಳಗಿದ್ದಾಗ ಮಾತ್ರ ಹಾಗೆ ಕರೀತಿದ್ಲು.”

ದೆಲ್ಸಿಯ ಬೆರಳ ಕೆಳಗೆ ಮುದುಕನ ನಾಡಿ ಜೋರಾಗಿತ್ತು. ಅದು ತಹಬಂದಿಗೆ ಬರುವವರೆಗೆ ಅವಳು ಕೈ ತೆಗೆಯದೆ ಎಣಿಸುತ್ತ ಕುಳಿತಳು.